ನಿಮ್ಮೂರಿನ ಹಳೇ ಎಂಎಲ್ಎ ಬದುಕನ್ನು ಬರೆಯುವುದು ಹೇಗೆ? ಶಾಂತವೇರಿ ಗೋಪಾಲಗೌಡರನ್ನು ಹುಡುಕಿಕೊಂಡು ಹೋದ ದಾರಿ

ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರವೇ ಗೋಪಾಲಗೌಡ ವೃತ್ತ ಇದೆ. ಶಿವಮೊಗ್ಗದಲ್ಲಿ ಗೋಪಾಲಗೌಡ ಬಡಾವಣೆ ಇದೆ. ತೀರ್ಥಹಳ್ಳಿಯಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ನಾನು ಸಾಗರದ ಕಡೆ ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹೊಸ ಬ್ಯಾಚ್ ಬಂದಾಗಲೆಲ್ಲ ಈ ಗೋಪಾಲಗೌಡರು ಯಾರು ಅಂತ ಕೇಳುತ್ತೇನೆ. 'ದೊಡ್ಡ ಹೋರಾಟಗಾರರು ಮೇಡಂ' ಅನ್ನುತ್ತಾರೆ. ಯಾವ ಹೋರಾಟ, ಯಾರ ವಿರುದ್ಧ, ಎಂಎಲ್ಎ ಆಗಿ ಸದನದಲ್ಲಿ ಏನು ಕೇಳಿದರು ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಅವರು ನಮ್ಮ ಕಡೆಯ ಸಮಾಜವಾದಿ ನಾಯಕರು, ಮೂರು ಸಲ ಶಾಸಕರಾಗಿದ್ದವರು. ಗೋಪಾಲಗೌಡರ ಬಗ್ಗೆ ಪುಸ್ತಕಗಳಾದರೂ ಇವೆ. 1952ರಲ್ಲಿ, 1957ರಲ್ಲಿ ಗೆದ್ದು ಬಂದ ಎಷ್ಟೋ ತಾಲ್ಲೂಕುಗಳ ಶಾಸಕರ ಬಗ್ಗೆ ಒಂದು ಪುಟ ಸಿಗುವುದೂ ಕಷ್ಟ. ಅವರನ್ನು ನೋಡಿದವರು ಈಗ ಎಂಬತ್ತು ದಾಟಿದ್ದಾರೆ. ಬರೆಯುವುದಾದರೆ ಈಗಲೇ ಬರೆಯಬೇಕು. ಅದಕ್ಕೆ ಪಿಎಚ್.ಡಿ. ಏನೂ ಬೇಕಾಗಿಲ್ಲ. ನನ್ನ ವಿದ್ಯಾರ್ಥಿಗಳು ಮಾಡುತ್ತಾರೆ, ನೀವೂ ಮಾಡಬಹುದು.

ಮೊದಲು ಕ್ಷೇತ್ರ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಕೇಳೋಕೆ ಸುಲಭ, ಆದರೆ ಜಾಸ್ತಿ ಜನ ಎಡವುವುದು ಇಲ್ಲೇ. ಇವತ್ತಿನ ಕ್ಷೇತ್ರದ ನಕ್ಷೆಯನ್ನು 1952ಕ್ಕೆ ಹಾಕಿ ನೋಡಿದರೆ ಏನೂ ಹೊಂದುವುದಿಲ್ಲ. ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಆದರೆ 1952ರಲ್ಲಿ ಮೊದಲ ಸಲ ಗೆದ್ದದ್ದು ಸಾಗರ-ಹೊಸನಗರ ಕ್ಷೇತ್ರದಿಂದ. ಮುಂದೆ 1962 ಮತ್ತು 1967ರಲ್ಲಿ ಗೆದ್ದದ್ದು ತೀರ್ಥಹಳ್ಳಿಯಿಂದ. ಹೊಸನಗರ ನಂತರ ಬಹಳ ವರ್ಷ ತಾನೇ ಒಂದು ಕ್ಷೇತ್ರವಾಗಿತ್ತು. 2008ರಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಹಾಕಿದಾಗ (ಪುನರ್ವಿಂಗಡಣೆ) ಅದು ಹೋಯಿತು, ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು. ಹಾಗಾಗಿ ಹೊಸನಗರದ ಒಬ್ಬ ಹಿರಿಯರು 'ನಮ್ಮ ಎಂಎಲ್ಎ' ಅಂದರೆ ಯಾವ ವರ್ಷದ ಮಾತು ಅಂತ ತಕ್ಷಣ ಕೇಳಬೇಕು.

ನಿಮ್ಮ ಊರು ಹಳೇ ಮೈಸೂರಿನಲ್ಲಿ ಇಲ್ಲದಿದ್ದರೆ ಇನ್ನೊಂದು ಮಾತು ನೆನಪಿಡಿ. 1956ರ ಏಕೀಕರಣಕ್ಕೆ ಮೊದಲು ಧಾರವಾಡ, ವಿಜಯಪುರದ ಶಾಸಕರು ಕೂರುತ್ತಿದ್ದದ್ದು ಮುಂಬಯಿ ವಿಧಾನಸಭೆಯಲ್ಲಿ. ಕಲಬುರಗಿ, ರಾಯಚೂರಿನವರು ಹೈದರಾಬಾದಿನಲ್ಲಿ. ಮಂಗಳೂರು ಕಡೆಯವರು ಮದ್ರಾಸಿನಲ್ಲಿ. ಕೊಡಗಿಗೆ 24 ಸದಸ್ಯರ ತನ್ನದೇ ಸಭೆ ಇತ್ತು. ಬಳ್ಳಾರಿ 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂತು. ನಿಮ್ಮ ಶಾಸಕರ ಮೊದಲ ಭಾಷಣ ಬೆಂಗಳೂರಿನ ದಾಖಲೆಯಲ್ಲಿ ಸಿಗದಿದ್ದರೆ ಅವರು ಮಾತಾಡಲಿಲ್ಲ ಅಂತಲ್ಲ, ಬೇರೆ ರಾಜಧಾನಿಯಲ್ಲಿ ಮಾತಾಡಿದ್ದಾರೆ. ಒಂದೇ ಕ್ಷೇತ್ರಕ್ಕೆ ಇಬ್ಬರು ಶಾಸಕರ ಹೆಸರು ಕಂಡರೂ ಗಾಬರಿ ಬೇಡ. ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು, 1961ರ ಕಾಯ್ದೆಯಿಂದ ಅವು ರದ್ದಾದವು.

ಎರಡನೇ ಕೆಲಸ, ಚುನಾವಣೆಯ ಅಂಕಿಸಂಖ್ಯೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮೊದಲ ಚುನಾವಣೆಯಿಂದ ಹಿಡಿದು ಪ್ರತಿಯೊಂದರ ವರದಿಯೂ ಪಿಡಿಎಫ್ ರೂಪದಲ್ಲಿದೆ. ಯಾರು ನಿಂತರು, ಎಷ್ಟು ಮತ ಬಂತು, ಯಾವ ಪಕ್ಷ, ಎಲ್ಲ ಇದೆ. ಹೆಸರುಗಳು ಇಂಗ್ಲಿಷಿನಲ್ಲಿರುತ್ತವೆ, ಅದೂ ಆಗಿನ ಗುಮಾಸ್ತರಿಗೆ ತೋಚಿದ ಕಾಗುಣಿತದಲ್ಲಿ. ನಮ್ಮ ಗೌಡರನ್ನು 'ಶಾಂತವೇರಿ' ಅಂತ ಹುಡುಕಿದರೆ ಸಿಗುವುದಿಲ್ಲ, 'ಎಸ್. ಗೋಪಾಲಗೌಡ' ಅಂತ ಹುಡುಕಬೇಕು. ಕ್ಷೇತ್ರದ ಹೆಸರನ್ನೂ ಎರಡು ಮೂರು ರೀತಿ ಬರೆದು ನೋಡಿ.

ಇದರ ಜೊತೆಗೆ ಸದನ ಎಷ್ಟು ದೊಡ್ಡದಿತ್ತು ಅಂತ ಬರೆದಿಟ್ಟುಕೊಳ್ಳಿ. 1952ರಲ್ಲಿ ಮೈಸೂರು ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ. ಏಕೀಕರಣದ ನಂತರ 1957ರಲ್ಲಿ 208, 1967ರಲ್ಲಿ 216, 1978ರಿಂದ ಈಗಿರುವ 224. 99 ಜನರ ಸದನದಲ್ಲಿ ಒಬ್ಬ ಸಮಾಜವಾದಿ ಎದ್ದು ನಿಂತರೆ ಆ ದನಿಗೆ ಇದ್ದ ತೂಕವೇ ಬೇರೆ. ಆ ಸದನ ಮೊದಲ ಕೆಲವು ವರ್ಷ ಸೇರುತ್ತಿದ್ದದ್ದು ಈಗಿನ ಹೈಕೋರ್ಟ್ ಇರುವ ಅಠಾರಾ ಕಚೇರಿಯಲ್ಲಿ. ವಿಧಾನಸೌಧ ಮುಗಿದದ್ದು 1956ರಲ್ಲಿ. 1952ರ ಶಾಸಕರು ಗೆದ್ದ ಕೂಡಲೇ 'ವಿಧಾನಸೌಧದ ಮೆಟ್ಟಿಲು ಹತ್ತಿದರು' ಅಂತ ದಯವಿಟ್ಟು ಬರೆಯಬೇಡಿ.

ಪಕ್ಷದ ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಸೋಷಲಿಸ್ಟ್ ಪಕ್ಷ 1952ರಲ್ಲಿ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಆಯಿತು. 1955ರ ಕೊನೆಗೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬೇರೆಯಾಗಿ ಮತ್ತೆ ಸೋಷಲಿಸ್ಟ್ ಪಕ್ಷ ಕಟ್ಟಿದರು. 1964ರಲ್ಲಿ ಸಂಯುಕ್ತ ಸೋಷಲಿಸ್ಟ್ ಬಂತು. ಚುನಾವಣಾ ವರದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಗೋಪಾಲಗೌಡರು ಪಕ್ಷ ಬದಲಿಸುತ್ತಲೇ ಇದ್ದರೇನೋ ಅನ್ನಿಸುತ್ತದೆ. ಅವರು ಲೋಹಿಯಾ ಜೊತೆಗೇ ಇದ್ದರು. ಬೋರ್ಡು ಬದಲಾದದ್ದು ಪಕ್ಷದ್ದು. ನಿಮ್ಮ ಶಾಸಕರ ಬಗ್ಗೆಯೂ ಇದನ್ನು ಬಿಡಿಸಿ ನೋಡಿ: ಮನುಷ್ಯ ಹೋದದ್ದೋ, ಪಕ್ಷವೇ ಒಡೆದದ್ದೋ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಬ್ಬ ಶಾಸಕರ ಬದುಕಿನಲ್ಲಿ ಉಳಿದೆಲ್ಲದಕ್ಕಿಂತ ನಂಬಿಕೆಗೆ ಅರ್ಹವಾದದ್ದು ಸದನದ ನಡವಳಿ. ಅವರು ಎದ್ದು ನಿಂತು ಆಡಿದ ಮಾತನ್ನು ವರದಿಗಾರರು ಅಲ್ಲೇ ಕೂತು ಬರೆದುಕೊಂಡಿದ್ದಾರೆ. ವಿಧಾನಮಂಡಲದ ಗ್ರಂಥಾಲಯ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದೆ. ಸಾವಿರಾರು ಪುಟ ನೋಡಿ ಹೆದರಿಕೊಂಡು ಬಿಡಬೇಡಿ. ಹೀಗೆ ಒಳಗೆ ಹೋಗಿ.

ಮೊದಲು ಸಂತಾಪ ಸೂಚನೆ ಹುಡುಕಿ. ಮಾಜಿ ಸದಸ್ಯರು ತೀರಿಕೊಂಡರೆ ಮುಂದಿನ ಅಧಿವೇಶನದ ಆರಂಭದಲ್ಲೇ ಸಭಾಧ್ಯಕ್ಷರು ಸಂತಾಪ ಸೂಚನೆ ಮಂಡಿಸುತ್ತಾರೆ. ಹುಟ್ಟಿದ ಊರು, ಓದು, ಎಷ್ಟು ಸಲ ಗೆದ್ದರು, ಯಾವ ಯಾವ ಹುದ್ದೆ ಅನ್ನುವುದು ಅಲ್ಲಿ ಚಿಕ್ಕದಾಗಿ ಸಿಗುತ್ತದೆ. ಆಮೇಲೆ ಜೊತೆಗಿದ್ದವರು ಎದ್ದು ನಿಂತು ನೆನಪು ಹೇಳುತ್ತಾರೆ. ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು, ಬರೀ 49ನೇ ವಯಸ್ಸಿಗೆ. ಹಾಗಾಗಿ ಅದರ ನಂತರದ ಅಧಿವೇಶನದ ಮೊದಲ ದಿನಗಳನ್ನು ತೆಗೆಯಬೇಕು. ನೀವು ಬರೆಯುವ ವ್ಯಕ್ತಿ ತೀರಿಕೊಂಡ ದಿನಾಂಕ ಒಂದು ಗೊತ್ತಿದ್ದರೆ ಸಾಕು, ಅಲ್ಲಿಂದ ಎಳೆ ಸಿಗುತ್ತದೆ. ಸಂತಾಪದಲ್ಲಿ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ ಅನ್ನುವುದು ನೆನಪಿರಲಿ. ಅಲ್ಲಿಂದ ದಿನಾಂಕ, ಹುದ್ದೆ, ಹೆಸರುಗಳನ್ನು ತೆಗೆದುಕೊಳ್ಳಿ. ಹೊಗಳಿಕೆಯನ್ನು ಅಲ್ಲೇ ಬಿಡಿ.

ಆಮೇಲೆ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಹಳ್ಳಿ ಕಡೆಯ ಶಾಸಕರ ನಿಜವಾದ ಕಾಳಜಿ ಗೊತ್ತಾಗುವುದು ಈ ಲಿಖಿತ ಪ್ರಶ್ನೆಗಳಲ್ಲಿ. ಯಾವ ಊರಿನ ಸೇತುವೆ, ಯಾವ ಶಾಲೆಗೆ ಮೇಷ್ಟರಿಲ್ಲ, ಯಾವ ಕಾಡಿನ ಅಂಚಿನಲ್ಲಿ ಯಾರ ಗುಡಿಸಲು ಕಿತ್ತರು. ಒಂದು ನೋಟ್‌ಬುಕ್ಕಿನಲ್ಲಿ ಊರಿನ ಹೆಸರು, ವರ್ಷ, ಕೇಳಿದ್ದು, ಸಿಕ್ಕ ಉತ್ತರ ಅಂತ ನಾಲ್ಕು ಕಾಲಂ ಎಳೆದು ತುಂಬುತ್ತಾ ಹೋಗಿ. ಅದಾದ ಮೇಲೆ ರಾಜ್ಯಪಾಲರ ಭಾಷಣದ ಮೇಲಿನ ಚರ್ಚೆ, ಬಜೆಟ್ ಬೇಡಿಕೆಗಳ ಮೇಲಿನ ಚರ್ಚೆ, ನಿಲುವಳಿ ಸೂಚನೆ (ಬೇರೆ ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಿ ಅಂತ ಕೊಡುವ ಸೂಚನೆ) ನೋಡಿ. ಶಾಸಕರು ಉದ್ದಕ್ಕೆ ಮಾತಾಡುವುದು ಅಲ್ಲೇ.

ಒಂದು ಮಾತು ಒತ್ತಿ ಹೇಳುತ್ತೇನೆ. ಪ್ರಶ್ನೆಯನ್ನು ಮಾತ್ರ ಓದಬೇಡಿ, ಉತ್ತರವನ್ನೂ ಓದಿ, ಉತ್ತರ ಕೊಟ್ಟವರು ಯಾರು ಅಂತಲೂ ನೋಡಿ. ಗೋಪಾಲಗೌಡರು ಮೊದಲ ಸಲ ಸದನದಲ್ಲಿದ್ದಾಗ ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಮಂತ್ರಿಯಾಗಿದ್ದವರು ಕಡಿದಾಳ್ ಮಂಜಪ್ಪನವರು. ಅವರೂ ತೀರ್ಥಹಳ್ಳಿ ಸೀಮೆಯವರೇ. 1956ರಲ್ಲಿ ಸ್ವಲ್ಪ ಕಾಲ ಮುಖ್ಯಮಂತ್ರಿಯೂ ಆದರು. ಭೂಮಿಯ ಪ್ರಶ್ನೆ ಎತ್ತುತ್ತಿದ್ದವರೂ ಅದಕ್ಕೆ ಉತ್ತರ ಕೊಡಬೇಕಾದವರೂ ಒಂದೇ ತಾಲ್ಲೂಕಿನ ಮಣ್ಣಲ್ಲಿ ಬೆಳೆದವರು. ಇಬ್ಬರಿಗೂ ಗೇಣಿದಾರರ, ಅಂದರೆ ಬೇರೆಯವರ ಜಮೀನನ್ನು ಗೇಣಿ ಕೊಟ್ಟು ಮಾಡುವವರ ಕಷ್ಟ ಗೊತ್ತಿತ್ತು. ಇನಾಂ (ಉಂಬಳಿ ಜಮೀನು) ರದ್ದತಿ ಕಾಯ್ದೆ 1954ರಲ್ಲಿ ಬಂದದ್ದು ಮಂಜಪ್ಪನವರ ಕಾಲದಲ್ಲೇ. ಬರೀ ಗೋಪಾಲಗೌಡರ ಭಾಷಣ ಓದಿದರೆ ಎದುರು ಕೂತವರೆಲ್ಲ ಕಲ್ಲು ಮನಸ್ಸಿನವರು ಅನ್ನಿಸಬಹುದು. ಎರಡೂ ಕಡೆ ಓದಿದರೆ ಆ ಕಾಲದ ರಾಜಕೀಯ ಎಷ್ಟು ಗಟ್ಟಿಯಾಗಿತ್ತು ಅಂತ ತಿಳಿಯುತ್ತದೆ. ಮಂಜಪ್ಪನವರ ಬಗ್ಗೆಯೂ ನಮ್ಮ ಕಡೆ ಹುಡುಗರು ಹೀಗೇ ಕೂತು ಬರೆಯಬೇಕು ಅಂತ ನನ್ನ ಆಸೆ.

ಸೋತ ವರ್ಷಗಳನ್ನು ಹಾರಿಸಬೇಡಿ. ಗೋಪಾಲಗೌಡರು 1957ರಲ್ಲಿ ಸೋತರು. ಮುಂದಿನ ಐದು ವರ್ಷ ಸದನದಲ್ಲಿ ಅವರ ಮಾತಿಲ್ಲ. 1961ರ ಭೂಸುಧಾರಣಾ ಕಾಯ್ದೆ ಪಾಸಾದದ್ದು ಆ ಐದು ವರ್ಷದ ಒಳಗೆ! ಕಾಗೋಡಿನ ಗೇಣಿದಾರರ ಹೋರಾಟದಿಂದ ಬಂದ ಮನುಷ್ಯ ಆ ಕಾಯ್ದೆ ಪಾಸಾಗುವಾಗ ಸದನದ ಹೊರಗಿದ್ದರು. ಅದು ಜಾರಿಗೆ ಬಂದದ್ದು 1965ರಲ್ಲಿ. ಅದನ್ನು ನಿಜವಾಗಿ ಹಲ್ಲಿರುವ ಕಾಯ್ದೆ ಮಾಡಿದ ತಿದ್ದುಪಡಿ, ದೇವರಾಜ ಅರಸರ ಕಾಲದ್ದು, ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ಅಷ್ಟರಲ್ಲಿ ಗೌಡರು ತೀರಿಕೊಂಡು ಎರಡು ವರ್ಷ ಆಗುತ್ತಾ ಬಂದಿತ್ತು. ರಾಜ್ಯಕ್ಕೆ 'ಕರ್ನಾಟಕ' ಅಂತ ಹೆಸರಿಡಬೇಕು ಅಂತ ಅವರು ಹಟ ಹಿಡಿದಿದ್ದರು. ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದನ್ನೂ ಅವರು ನೋಡಲಿಲ್ಲ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ನನಗೆ ಬಹಳ ಸಂಕಟವಾಯಿತು. ನೀವೂ ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಶಾಸಕರ ಬದುಕು, ಬಲಕ್ಕೆ ಕಾಯ್ದೆಗಳು ಮತ್ತು ಊರಿನ ಘಟನೆಗಳು ಅಂತ ಬರೆದುಕೊಳ್ಳಿ. ನಮ್ಮ ಕಡೆಯವರಾದರೆ ಬಲಗಡೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇರಲೇಬೇಕು. ಸಾಗರ, ಹೊಸನಗರದ ಅಷ್ಟು ಹಳ್ಳಿಗಳು ಮುಳುಗಿದ ಮೇಲೆ ಈ ಸೀಮೆಯ ಯಾವ ಶಾಸಕರ ಕಥೆಯನ್ನೂ ಆ ನೀರನ್ನು ಬಿಟ್ಟು ಬರೆಯೋಕಾಗುವುದಿಲ್ಲ.

ಕಾಗದ ಮುಗಿದ ಮೇಲೆ ಊರಿಗೆ ಹೋಗಿ. ಮೊದಲೇ ಹೋಗಬಾರದಾ ಅಂತ ಮಕ್ಕಳು ಕೇಳುತ್ತಾರೆ. ಬೇಡ ಅನ್ನುತ್ತೇನೆ. ಏನೂ ಓದದೆ ಹೋಗಿ 'ಅವರ ಬಗ್ಗೆ ಹೇಳಿ' ಅಂದರೆ 'ದೇವರಂಥ ಮನುಷ್ಯ' ಅನ್ನುವ ಉತ್ತರ ಬರುತ್ತದೆ. ಅದರಿಂದ ಬರೆಯೋಕೆ ಏನೂ ಸಿಗುವುದಿಲ್ಲ. 'ಅಜ್ಜ, ಕಾಗೋಡಿನ ಗಲಾಟೆ ಆದಾಗ ನಿಮ್ಮ ಮನೆಯಿಂದ ಯಾರು ಹೋಗಿದ್ರು?' ಅಂತ ಕೇಳಿ. ಆಗ ಮಾತು ಬೇರೆಯಾಗುತ್ತದೆ.

ಕಾಗೋಡಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಹೆಚ್ಚಾಗಿ ದೀವರ ಸಮುದಾಯದವರು, ಜಮೀನಿನ ಒಡೆಯರ ಗದ್ದೆ ಮಾಡುತ್ತಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ ಜಗಳ. ಸರ್ಕಾರ ಹೇಳಿದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಒಡೆಯರು ಅಳೆಸಿಕೊಳ್ಳುತ್ತಾರೆ ಅನ್ನುವುದು ರೈತರ ದೂರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಜನರನ್ನು ಸೇರಿಸಿದ್ದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಶುರುವಾಯಿತು. ಒಡೆಯರು ಬಿಡಿಸಿದ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಬಂಧನ ಆಗುವುದು, ಮಾರನೇ ದಿನ ಇನ್ನೊಂದು ತಂಡ. ಸೋಷಲಿಸ್ಟ್ ಪಕ್ಷ ಜೊತೆಗೆ ನಿಂತಿತು, ಗೋಪಾಲಗೌಡರು ಮುಂದೆ ನಿಂತರು. ಜೂನಿನಲ್ಲಿ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮರುವರ್ಷವೇ ಚುನಾವಣೆ. ಸಾಗರ-ಹೊಸನಗರದಿಂದ ಗೋಪಾಲಗೌಡರು ಬೆಂಗಳೂರಿಗೆ ಹೋದರು. ಅದೇ ಚುನಾವಣೆಯಲ್ಲಿ ಕಾಗೋಡಿನ ಜಮೀನ್ದಾರರಾದ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಶಿವಮೊಗ್ಗದ ಸಂಸದರಾಗಿ ದೆಹಲಿಗೆ ಹೋದರು. ಒಂದೇ ಜಿಲ್ಲೆಯ ಜನ ಇಬ್ಬರನ್ನೂ ಗೆಲ್ಲಿಸಿದರು. ಇದು ಹೇಗಾಯಿತು ಅಂತ ವಿಚಾರಿಸುವುದಕ್ಕೇ ಒಂದು ಬರಹ ಬೇಕು.

ಹಳ್ಳಿಯಲ್ಲಿ ಇಸವಿ ಕೇಳಬೇಡಿ. 'ಲಿಂಗನಮಕ್ಕಿ ನೀರು ಬರೋಕೆ ಮೊದಲಾ, ಆಮೇಲಾ?' 'ಡಿಕ್ಲರೇಷನ್ ಹಾಕೋಕೆ ಮೊದಲಾ?' ಅಂತ ಕೇಳಿ. 1974ರ ನಂತರ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ್ದನ್ನು ನಮ್ಮ ಕಡೆ 'ಡಿಕ್ಲರೇಷನ್ ಹಾಕಿದ್ದು' ಅನ್ನುತ್ತಾರೆ. ನಮ್ಮ ಅಜ್ಜನೂ ಹಾಗೇ ಹಾಕಿ ಗದ್ದೆ ಉಳಿಸಿಕೊಂಡವರು. ಈ ವಿಷಯದ ಮೇಲೆ ನನಗಿರುವ ಪ್ರೀತಿಗೆ ಅದೂ ಒಂದು ಕಾರಣ.

ಹೋಗೋಕೆ ಒಳ್ಳೆ ಹೊತ್ತು ಅಂದರೆ ಅಡಿಕೆ ಸುಲಿಯುವ ಸಂಜೆ. ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ, ಕೈಗೆ ಕೆಲಸ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಕೇಳಿ, ಎಲ್ಲರಿಗೂ ಕಾಣುವ ಹಾಗೆ ಇಡಿ. ಹೆಂಗಸರನ್ನು ತಪ್ಪದೆ ಮಾತಾಡಿಸಿ. ಗಂಡಸರು ಭಾಷಣ ನೆನಪಿಟ್ಟುಕೊಂಡಿರುತ್ತಾರೆ. ಜೈಲಿಗೆ ಹೋದವರ ಮನೆಯಲ್ಲಿ ಆ ಮಳೆಗಾಲ ಒಲೆ ಹೇಗೆ ಉರಿಯಿತು ಅಂತ ಅಮ್ಮಂದಿರಿಗೇ ಗೊತ್ತಿರುವುದು. ಅಟ್ಟದ ಮೇಲೆ ಹಳೇ ಕೊಳಗ ಇದ್ದರೆ ಇಳಿಸಿ, ಒಂದು ಸೇರು ತಂದು ಭತ್ತ ತುಂಬಿ ಅಳೆದು ನೋಡಿ. ನನ್ನ ವಿದ್ಯಾರ್ಥಿಗಳಿಗೆ ಹತ್ತು ಪಾಠದಲ್ಲಿ ತಿಳಿಯದ್ದು ಆ ಒಂದು ಅಳತೆಯಲ್ಲಿ ತಿಳಿದಿದೆ.

ಎದುರು ಕಡೆಯವರ ಮನೆಗೂ ಹೋಗಬೇಕು. ಜಮೀನು ಕಳೆದುಕೊಂಡ ಮನೆತನಗಳಲ್ಲಿ ನೋವು ಇನ್ನೂ ಹಸಿಯಾಗಿದೆ. ಗೇಣಿ ಬರದೆ ಕಷ್ಟಕ್ಕೆ ಬಿದ್ದ ಸಣ್ಣ ಜಮೀನಿನವರು, ವಿಧವೆಯರು ಇದ್ದರು. ಅವರ ಮಾತು ಕೇಳಿ ಬರೆದುಕೊಳ್ಳಿ. ನಾನು ಗೇಣಿದಾರರ ಕಡೆಯವಳೇ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಅವರ ಮಾತಿಲ್ಲದೆ ಬರೆದ ಕಥೆಯನ್ನು ನಾನು ವಿದ್ಯಾರ್ಥಿಗಳಿಂದ ತೆಗೆದುಕೊಳ್ಳುವುದಿಲ್ಲ.

ಜನ ಹೇಳುವ ಕಥೆಗಳನ್ನು ಏನು ಮಾಡುವುದು? ಗೋಪಾಲಗೌಡರನ್ನು 'ಒಂದು ಓಟು, ಒಂದು ನೋಟು' ಕೊಟ್ಟು ಜನರೇ ಗೆಲ್ಲಿಸಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಇಂಥದ್ದನ್ನು ಬಿಡಬೇಡಿ. ಆದರೆ 'ಹೀಗೆ ಹೇಳುತ್ತಾರೆ' ಅಂತಲೇ ಬರೆಯಿರಿ. ಯಾರು ಹೇಳಿದರು, ಅವರು ಕಣ್ಣಾರೆ ನೋಡಿದ್ದೋ ಕೇಳಿದ್ದೋ ಅಂತ ಪಕ್ಕದಲ್ಲಿ ಗುರುತು ಹಾಕಿ. ದಾಖಲೆಯ ಮಾತು, ಕಣ್ಣಾರೆ ಕಂಡ ಮಾತು, ಬಾಯಿಂದ ಬಾಯಿಗೆ ಬಂದ ಮಾತು ಅಂತ ಮೂರು ಬಣ್ಣದ ಪೆನ್ನು ಇಟ್ಟುಕೊಂಡರೆ ಬರೆಯುವಾಗ ಗೊಂದಲ ಆಗುವುದಿಲ್ಲ. ಪತ್ರಿಕೆಗಳಲ್ಲೂ ಹುಡುಕಿ. ಪ್ರಜಾವಾಣಿ 1948ರಿಂದ ಇದೆ, ಕನ್ನಡಪ್ರಭ 1967ರಿಂದ. ಜಿಲ್ಲಾ ಗೆಜೆಟಿಯರ್ ಒಮ್ಮೆ ತಿರುವಿಹಾಕಿ.

ಇನ್ನು, ಒಬ್ಬ ಶಾಸಕರ ಬದುಕು ಅವರ ಜೊತೆಗೇ ಮುಗಿಯುವುದಿಲ್ಲ. ಅವರ ಹಿಂದೆ ಬಂದವರನ್ನೂ ಒಂದು ಪುಟದಲ್ಲಿ ಹೇಳಿ. ಇದೇ ಸಮಾಜವಾದಿ ಬಳಗದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಅದೇ ವರ್ಷ ಸೊರಬದಿಂದ ಬಂಗಾರಪ್ಪ ಗೆದ್ದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. 1972ರಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಸಮಾಜವಾದಿಗಳಾಗಿಯೇ ಗೆದ್ದರು. ಕಾಗೋಡಿನ ಗೇಣಿದಾರರ ಊರಿನಿಂದ ಬಂದ ತಿಮ್ಮಪ್ಪನವರು 2013ರಲ್ಲಿ ಅದೇ ವಿಧಾನಸಭೆಯ ಸಭಾಧ್ಯಕ್ಷರಾದರು, ಆಮೇಲೆ ಕಂದಾಯ ಮಂತ್ರಿಯೂ ಆದರು.

ಈಗಿನ ಅಥವಾ ಇತ್ತೀಚಿನ ಶಾಸಕರ ಬಗ್ಗೆ ಬರೆಯುವುದಾದರೆ ಕೆಲಸ ಸುಲಭ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿನಲ್ಲಿ ಆಸ್ತಿ, ಸಾಲ, ಓದು, ಮೊಕದ್ದಮೆ ಎಲ್ಲ ಇರುತ್ತದೆ. ಎರಡು ಚುನಾವಣೆಯ ಅಫಿಡವಿಟ್ ಪಕ್ಕಪಕ್ಕ ಇಟ್ಟು ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಯಾವ ಊರಿಗೆ ಹೋಯಿತು ಅಂತ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. ಇನ್ನೊಂದು ಮುಖ್ಯ ಜಾಗ ಬಗರ್ ಹುಕುಂ ಸಮಿತಿ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಸಾಗುವಳಿ ಮಾಡುತ್ತಿರುವವರ ಅರ್ಜಿ ನೋಡುವ ಸಮಿತಿ. ಅದಕ್ಕೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಅರ್ಜಿ ಮಂಜೂರಾಯಿತು, ಎಷ್ಟು ತಿರಸ್ಕೃತ ಅಂತ ಕೇಳಿ. ಬಡವರ ಪಾಲಿಗೆ ಶಾಸಕರ ಕೆಲಸ ಅಂದರೆ ಹೆಚ್ಚಾಗಿ ಇದೇ.

ಬರೆಯಲು ಕೂತಾಗ ಹುಟ್ಟಿನಿಂದ ಶುರುಮಾಡಲೇಬೇಕು ಅಂತೇನಿಲ್ಲ. ಅವರ ನಾಲ್ಕು ಕಾಲಂ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಒಂದು ವಿಷಯ ಇರುತ್ತದೆ. ಒಬ್ಬರಿಗೆ ಭೂಮಿ, ಇನ್ನೊಬ್ಬರಿಗೆ ಕೆರೆ, ಮತ್ತೊಬ್ಬರಿಗೆ ಶಾಲೆ. ಅದನ್ನೇ ಬೆನ್ನೆಲುಬು ಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಆ ವಿಷಯದಲ್ಲಿ ಅವರ ಕೈಯಲ್ಲಿ ಆಗದೆ ಉಳಿದದ್ದನ್ನೂ ಬರೆಯಿರಿ.

ಮುಗಿದ ಮೇಲೆ, ಮಾತು ಕೊಟ್ಟವರ ಮನೆಗೆ ಹೋಗಿ ಅವರ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ. ಬದುಕಿರುವವರ ಹೆಸರು ಹಾಕೋಕೆ ಒಪ್ಪಿಗೆ ಕೇಳಿ, ಬೇಡ ಅಂದರೆ ತೆಗೆಯಿರಿ. ರೆಕಾರ್ಡಿಂಗನ್ನು ಎರಡು ಕಡೆ ಉಳಿಸಿ, ಪ್ರತಿ ಫೈಲಿಗೂ ಊರು ಮತ್ತು ತಾರೀಖು ಹಾಕಿ. ಬರಹದ ಒಂದು ಪ್ರತಿಯನ್ನು ತಾಲ್ಲೂಕಿನ ಗ್ರಂಥಾಲಯಕ್ಕೆ, ಒಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಿ. ನೋಟ್‌ಬುಕ್ಕನ್ನೂ ಎಸೆಯಬೇಡಿ. ಮುಂದಿನ ಬ್ಯಾಚಿನ ಯಾರಿಗಾದರೂ ಅದೇ ಬೇಕಾಗುತ್ತದೆ.